ಥರ್ಮಾಕೋಲ್ ಉಂಡೆ ನೆರಳು ಮರವಲ್ಲ

ಮಾನ್ಯ ಸಂಪಾದಕರೇ,

ಶಾಲೆಗಳ ವಸ್ತುಪ್ರದರ್ಶನಕ್ಕೆ ನಮ್ಮ ಕಾಫಿ ತೋಟದ ಮಾದರಿ ಮಾಡುವುದು ಕೊಡಗಿನಲ್ಲಿ ವಾಡಿಕೆ. ಆದರೆ ಅದರಲ್ಲಿ ಕಾಫಿ ಗಿಡಗಳಿಗೆ ನೆರಳು ಕೊಡುವ ಮರವೆಂದರೆ ಕಡ್ಡಿಗೆ ಚುಚ್ಚಿದ ಹಸಿರು ಥರ್ಮಾಕೋಲ್ ಉಂಡೆ. ಸಿಲ್ವರ್ (ಸಿಲ್ವರ್ ಓಕ್) ಯಾವುದು, ಹಲಸು ಯಾವುದು, ಅತ್ತಿ ಯಾವುದು ಎಂದು ಗುರುತೇ ಸಿಗುವುದಿಲ್ಲ. ಅಲಂಕಾರದ ಥರ್ಮಾಕೋಲ್ ದೇಶದಲ್ಲೆಲ್ಲ ನಿಷೇಧವಾದದ್ದು 2022ರ ಜುಲೈ 1ರಂದು. ಅದನ್ನೇ ಮಕ್ಕಳ ಕೈಗೆ ಕೊಟ್ಟು ಪರಿಸರದ ಪಾಠ ಹೇಳುವುದು ಯಾವ ನ್ಯಾಯ? ಮನೆ ಕಟ್ಟುವಲ್ಲಿ ಉಳಿದ ಬೈಂಡಿಂಗ್ ವೈರ್ (ಕಬ್ಬಿಣದ ಸರಳು ಬಿಗಿಯುವ ತೆಳು ತಂತಿ), ತೆಂಗಿನ ನಾರು, ಸಾಮಿಲ್ಲಿನ ಮರದ ಪುಡಿ, ಫೆವಿಕಾಲ್, ಪೋಸ್ಟರ್ ಬಣ್ಣ ಇದ್ದರೆ ಒಳ್ಳೆಯ ಮರಗಳನ್ನೇ ಮಾಡಬಹುದು.

ಮೊದಲು ಅಳತೆ. 1:100 ಇಟ್ಟುಕೊಂಡರೆ ಲೆಕ್ಕ ಸುಲಭ, ಮೀಟರಿಗೊಂದು ಸೆಂ.ಮೀ. 20 ಮೀಟರಿನ ಸಿಲ್ವರ್ ಮರ 20 ಸೆಂ.ಮೀ., ತಲೆ ಕತ್ತರಿಸಿ ನಿಲ್ಲಿಸಿದ ಕಾಫಿ ಗಿಡ ಒಂದೂವರೆ ಸೆಂ.ಮೀ. ಹತ್ತಡಿ ಅಂತರದ ರೊಬಸ್ಟಾ ಕಾಫಿ ಗಿಡಗಳನ್ನು ಹಲಗೆಯ ಮೇಲೆ ಮೂರು ಸೆಂ.ಮೀ.ಗೊಂದರಂತೆ ಕೂರಿಸಬೇಕು. ಕಾಫಿ ಗಿಡ ಮರದ ಅರ್ಧಕ್ಕೆ ಬಂದುಬಿಟ್ಟರೆ ನೆರಳು ಯಾರಿಗೆಂದು ನೋಡುವವರಿಗೆ ತಿಳಿಯುವುದಿಲ್ಲ.

ಹಲಸು, ಅತ್ತಿಯಂಥ ಹರಡುವ ಮರಕ್ಕೆ 22 ಸೆಂ.ಮೀ. ಉದ್ದದ 16 ತಂತಿ ಬೇಕು. ಬುಡದಲ್ಲಿ ಮೂರು ಸೆಂ.ಮೀ. ಬೇರಿಗೆ ಬಿಟ್ಟು, ಮೇಲಿನ ಆರು ಸೆಂ.ಮೀ. ಇಕ್ಕಳದಿಂದ ಬಿಗಿಯಾಗಿ ಹುರಿ ಮಾಡಿದರೆ ಕಾಂಡ. ಅಲ್ಲಿಂದ ನಾಲ್ಕು ನಾಲ್ಕಾಗಿ, ಆಮೇಲೆ ಎರಡೆರಡಾಗಿ, ತುದಿಗೆ ಒಂದೊಂದಾಗಿ ಬಿಡಿಸಿ ಹುರಿ ಮಾಡುತ್ತಾ ಹೋಗಿ. ಕವಲಿಗೊಮ್ಮೆ ತಂತಿ ಕಡಿಮೆಯಾಗುವುದರಿಂದ ಕೊಂಬೆ ತಾನಾಗಿಯೇ ತೆಳುವಾಗುತ್ತದೆ. ಕೊಂಬೆಗಳನ್ನು ಬಾಗಿಸುವುದೆಲ್ಲ ಈಗಲೇ ಮುಗಿಯಬೇಕು, ತೊಗಟೆ ಹಚ್ಚಿದ ಮೇಲೆ ಬಾಗಿಸಿದರೆ ಅದು ಬಿರುಕು ಬಿಟ್ಟು ಉದುರುತ್ತದೆ.

ಹೆಚ್ಚಿನವರು ಎಡವುವುದು ಮುಂದಿನ ಹಂತದಲ್ಲಿ. ಬೈಂಡಿಂಗ್ ವೈರ್ ಬರೀ ಕಬ್ಬಿಣ. ನೀರು ಬೆರೆಸಿದ ಫೆವಿಕಾಲನ್ನು ನೇರವಾಗಿ ಹಚ್ಚಿದರೆ ತುಕ್ಕು ಬಣ್ಣದ ಮೇಲಕ್ಕೂ ಒಸರಿ ಕಿತ್ತಳೆ ಕಲೆ ಬೀಳುತ್ತದೆ. ಮೊದಲು ತುಕ್ಕು ತಡೆಯುವ ರೆಡ್ ಆಕ್ಸೈಡ್ ಪ್ರೈಮರ್ ತೆಳ್ಳಗೆ ಹಚ್ಚಿ ಒಂದು ದಿನ ಒಣಗಿಸಿ. ಆಮೇಲೆ ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದ ಮರದ ಪುಡಿಯನ್ನು ಫೆವಿಕಾಲಿನಲ್ಲಿ ಕಲಸಿ, ತೆಳುವಾಗಿ ಎರಡು ಸಲ ಹಚ್ಚಿ. ಒಂದೇ ಸಲ ದಪ್ಪಗೆ ಬಳಿದರೆ ಹೊರಗೆ ಮೊದಲು ಒಣಗಿ ಸೀಳುತ್ತದೆ.

ಎಲೆಗೆ ನಾರನ್ನು ಗಾಳಿಯಾಡುವಷ್ಟು ಬಿಡಿಸಿ, ನೆಲ್ಲಿಕಾಯಿ ಗಾತ್ರದ ಎಳೆಗುಚ್ಛಗಳನ್ನು ಕೊಂಬೆಯ ತುದಿಗಳಿಗೆ ಮಾತ್ರ ಅಂಟಿಸಿ. ಒಂದು ಪಾಲು ಫೆವಿಕಾಲಿಗೆ ಮೂರು ಪಾಲು ನೀರು, ಒಂದು ಹನಿ ಪಾತ್ರೆ ತೊಳೆಯುವ ದ್ರವ ಸೇರಿಸಿ ಸಿಂಪಡಿಸಿ, ಮೇಲೆ ಪೋಸ್ಟರ್ ಬಣ್ಣ ಕಲಸಿ ಒಣಗಿಸಿದ ಮರದ ಪುಡಿ ಉದುರಿಸಿ. ಒಂದೇ ಹಸಿರು ಬೇಡ. ಕಡುಹಸಿರು, ತಿಳಿಹಸಿರು, ತುಸು ಹಳದಿ ಬೆರೆಯಲಿ. ಗುಚ್ಛಗಳ ನಡುವೆ ಬೆಳಕು ಕಾಣಬೇಕು. ಸಂದೆಲ್ಲ ತುಂಬಿದರೆ ಮತ್ತೆ ಉಂಡೆಯೇ ಆಗುತ್ತದೆ.

ಸಿಲ್ವರ್ ಮರಕ್ಕೆ ಬೇರೆ ವಿಧಾನ. ಒಂದು ತಂತಿಯನ್ನು ಮಡಿಸಿ, ಒಳಬದಿಗೆ ಫೆವಿಕಾಲ್ ಹಚ್ಚಿ, ನಡುವೆ ನಾರಿನ ತುಂಡುಗಳನ್ನು ಅಡ್ಡಡ್ಡ ವಿರಳವಾಗಿ ಹರಡಿ ಹುರಿ ಮಾಡಿ. ಬಾಟಲಿ ತೊಳೆಯುವ ಬ್ರಷ್ಷಿನಂತಾದದ್ದನ್ನು ಮೇಲಕ್ಕೆ ಕಿರಿದಾಗುವಂತೆ ಕತ್ತರಿಸಿ. ನಾರು ಹೆಚ್ಚಾದರೆ ತಂತಿ ಬಿಗಿ ಹಿಡಿಯದೆ ಕತ್ತರಿಸುವಾಗಲೇ ಎಲ್ಲ ಉದುರುತ್ತದೆ. ಎಲೆಯ ಹಸಿರಿಗೆ ಬೂದು ಬಿಳುಪಿನ ಸೋಕು ಇರಲಿ. ಬರಿಗಾಂಡಕ್ಕೆ ನೂಲು ಸುತ್ತಿ ದಪ್ಪ ಮಾಡಿ, ಫೆವಿಕಾಲ್ ಹಚ್ಚಿ ಕಡುಹಸಿರು ಪುಡಿಯಲ್ಲಿ ಹೊರಳಿಸಿದರೆ ಕರಿಮೆಣಸಿನ ಬಳ್ಳಿಯೂ ಬಂತು.

ನಮ್ಮ ಮಳೆಗಾಲದಲ್ಲಿ ಹಸಿ ಮರದ ಪುಡಿಗೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಪುಡಿ, ನಾರುಗಳನ್ನು ಬೇಸಿಗೆಯಲ್ಲೇ ಒಣಗಿಸಿ ಡಬ್ಬಿಯಲ್ಲಿಟ್ಟುಕೊಳ್ಳಬೇಕು.

ಶಿಕ್ಷಣ ಇಲಾಖೆ ಪ್ರದರ್ಶನದ ಸುತ್ತೋಲೆಯಲ್ಲೇ ಥರ್ಮಾಕೋಲ್ ಮಾದರಿ ಸ್ವೀಕರಿಸುವುದಿಲ್ಲವೆಂದು ತಿಳಿಸಲಿ. ಆಕಾರ ನೋಡಿಯೇ ಮರ ಗುರುತು ಹಿಡಿಯುವಂತೆ ಮಾಡಿದ ಮಕ್ಕಳಿಗೆ ತೀರ್ಪುಗಾರರು ಪ್ರತ್ಯೇಕ ಅಂಕ ಕೊಡಲಿ.

— ಇಬ್ಬರು ಚಿತ್ರಕಲಾ ಶಿಕ್ಷಕರು, ಸೋಮವಾರಪೇಟೆ