ಯಂತ್ರ ಕೊಳ್ಳುವ ಮೊದಲು ಈ ಲೆಕ್ಕ ಆಗಲಿ

ಮಾನ್ಯರೇ,

ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ ಕಡೆಯ ಸರ್ಕಾರಿ ಆಸ್ಪತ್ರೆಗಳಿಗೆ ಹೊಸ ಯಂತ್ರಗಳು ಬೇಕೆಂಬ ಕೂಗು ಬಜೆಟ್ ಹತ್ತಿರ ಬಂದಾಗಲೆಲ್ಲ ಏಳುತ್ತದೆ. ಬೇಡಿಕೆ ನ್ಯಾಯವಾದದ್ದೇ. ಇರುವ ದುಡ್ಡಿನಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಹೇಗೆ ತೀರ್ಮಾನಿಸಿದರು ಎನ್ನುವುದು ಮಾತ್ರ ಜನರಿಗೆ ಗೊತ್ತಾಗುವುದಿಲ್ಲ. ನಮ್ಮ ಪ್ರಕಾರ ಮೊದಲು ಕೇಳಬೇಕಾದ್ದು ಇಷ್ಟೇ: ಈ ಯಂತ್ರ ಬಂದರೆ ಡ್ಯೂಟಿಯಲ್ಲಿರುವ ವೈದ್ಯರು ಆ ಹೊತ್ತಿನಲ್ಲಿ ಕೊಡುವ ಚಿಕಿತ್ಸೆ ಬದಲಾಗುತ್ತದೆಯೇ?

ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಜ್ವರಕ್ಕೆ ಇವತ್ತಿಗೂ ನಿರ್ದಿಷ್ಟ ಔಷಧವಿಲ್ಲ. ತಾಲ್ಲೂಕಿಗೊಂದು ಆರ್‌ಟಿ-ಪಿಸಿಆರ್ ಯಂತ್ರ ಇಟ್ಟರೂ ರೋಗಿಗೆ ಸಿಗುವುದು ಅದೇ ಆರೈಕೆ. ಪ್ಲೇಟ್‌ಲೆಟ್ ಇಳಿಯುತ್ತಿದೆಯೇ, ಶಿವಮೊಗ್ಗಕ್ಕೆ ಈಗಲೇ ಕಳಿಸಬೇಕೇ ಎಂದು ಹೇಳುವುದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿರುವ, ರಕ್ತಕಣ ಎಣಿಸುವ ಸಾಮಾನ್ಯ ಸೆಲ್ ಕೌಂಟರ್. ಹಾಗಾಗಿ ಡಿಸೆಂಬರ್‌ನಿಂದ ಮೇವರೆಗಿನ ಸೀಸನ್‌ಗೆ ಮೊದಲು ಬೇಕಾದ್ದು ಕೆಲಸ ಮಾಡುವ ಸೆಲ್ ಕೌಂಟರ್, ಅದರ ಪರೀಕ್ಷೆಗೆ ಬೇಕಾದ ರಾಸಾಯನಿಕ (ರೀಏಜೆಂಟ್), ಸ್ಯಾಂಪಲ್‌ ಅನ್ನು ಐಸ್‌ಪ್ಯಾಕ್‌ನಲ್ಲಿ ಅದೇ ದಿನ ಶಿವಮೊಗ್ಗದ ಲ್ಯಾಬಿಗೆ ಮುಟ್ಟಿಸುವ ಗಾಡಿ. ಜೊತೆಗೆ ಸ್ಯಾಂಪಲ್ ಫಾರಂನಲ್ಲಿ ಜ್ವರ ಶುರುವಾದ ದಿನ ಬರೆದಿರಲೇಬೇಕು. ಮೊದಲ ಕೆಲವು ದಿನ ರಕ್ತದಲ್ಲಿ ವೈರಸ್ಸೇ ಸಿಗುವುದರಿಂದ ಪಿಸಿಆರ್, ಆಮೇಲೆ ಪ್ರತಿಕಾಯ ಹುಡುಕುವ ಎಲೈಸಾ. ಆ ದಿನಾಂಕ ಇಲ್ಲದಿದ್ದರೆ ಯಾವ ಪರೀಕ್ಷೆಯ ನೆಗೆಟಿವ್ ಅನ್ನು ಎಷ್ಟು ನಂಬಬೇಕೆಂಬುದೇ ತಿಳಿಯುವುದಿಲ್ಲ.

ಹಾವು ಕಡಿತದಲ್ಲಿ ಈ ಮಾತು ಇನ್ನೂ ಸ್ಪಷ್ಟ. ಮಂಡಲದ ವಿಷ ಏರಿದೆಯೇ ಎಂದು ತಿಳಿಯಲು ಲಕ್ಷಾಂತರ ರೂಪಾಯಿಯ ಯಂತ್ರ ಬೇಕಿಲ್ಲ. ಒಣಗಿದ, ಹೊಸ ಗಾಜಿನ ಟ್ಯೂಬಿಗೆ 2 ಮಿಲಿ ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಬಿಟ್ಟು ಒಮ್ಮೆ ಬಗ್ಗಿಸಿ ನೋಡಿದರೆ ಸಾಕು. ಹೆಪ್ಪುಗಟ್ಟದೆ ಹರಿದರೆ ಪ್ರತಿವಿಷ ಶುರು ಮಾಡಬೇಕು, ಸಾಮಾನ್ಯವಾಗಿ 10 ವಯಲ್‌ನಿಂದ. ತಪ್ಪುವುದು ಟ್ಯೂಬಿನಲ್ಲೇ. ಪ್ಲಾಸ್ಟಿಕ್ ಟ್ಯೂಬ್ ಬಳಸಿದರೆ ಅಥವಾ ಸೋಪಿನ ಪುಡಿಯಲ್ಲಿ ತೊಳೆದ ಗಾಜು ಬಳಸಿದರೆ ವಿಷವಿಲ್ಲದ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದು. ಆಗ ಬೇಡದ ಪ್ರತಿವಿಷ ಹೋಗುತ್ತದೆ, ಅದರ ಅಲರ್ಜಿಯ ಅಪಾಯ ಬೇರೆ. ಮೊದಲ ಸಲ ಹೆಪ್ಪುಗಟ್ಟಿತೆಂದು ಮನೆಗೆ ಕಳಿಸುವುದೂ ತಪ್ಪು, ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಬೇಕು. ಪ್ರತಿವಿಷ ಕೊಟ್ಟ ಮೇಲೆ ಮುಂದಿನ ಪರೀಕ್ಷೆ 6 ಗಂಟೆಗೆ; ಹೆಪ್ಪುಗಟ್ಟಿಸುವ ಅಂಶಗಳನ್ನು ಯಕೃತ್ತು ಮತ್ತೆ ತಯಾರಿಸಲು ಅಷ್ಟು ಹೊತ್ತು ಬೇಕು. ಕೆಲವೇ ರೂಪಾಯಿಯ ಗಾಜಿನ ಟ್ಯೂಬ್ ಆಸ್ಪತ್ರೆಯ ಬೇಡಿಕೆ ಪಟ್ಟಿಯಾದ ಇಂಡೆಂಟ್‌ನಲ್ಲಿ ಬಿಟ್ಟುಹೋಗಿ, ಅದೇ ಪಟ್ಟಿಯಲ್ಲಿ ದೊಡ್ಡ ಯಂತ್ರ ಮೇಲೆ ಕೂತರೆ ಆದ್ಯತೆ ತಲೆಕೆಳಗಾಗಿದೆ ಎಂದೇ ಅರ್ಥ.

ಹೊಸ ತಂತ್ರಜ್ಞಾನಕ್ಕೆ ದುಡ್ಡು ಬೇಕಾದ ಜಾಗವೂ ಇಲ್ಲೇ ಇದೆ. ಈಗಿನ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ. ಪಶ್ಚಿಮ ಘಟ್ಟದ ಅಡಿಕೆ, ಕಾಫಿ ತೋಟಗಳಲ್ಲಿರುವ ಗುಳಿಮಂಡಲಗಳ ವಿಷಕ್ಕೆ ಅದು ನಾಟುವುದಿಲ್ಲ. ಮೂಗು ಉಬ್ಬಿದ ಗುಳಿಮಂಡಲ ಕಚ್ಚಿದರೆ ಕಿಡ್ನಿಗೇ ಪೆಟ್ಟು ಬೀಳಬಹುದು. 2024ರಿಂದ ರಾಜ್ಯದಲ್ಲಿ ಹಾವು ಕಡಿತವನ್ನು ಇಲಾಖೆಗೆ ವರದಿ ಮಾಡುವುದು ಕಡ್ಡಾಯ. ಯಾವ ಹೋಬಳಿಯಲ್ಲಿ ಎಷ್ಟು ಕಡಿತ, ಎಷ್ಟು ಮಂದಿಗೆ ಡಯಾಲಿಸಿಸ್ ಬೇಕಾಯಿತು ಎಂದು ಆ ವರದಿಗಳಿಂದ ತೆಗೆದು ನೋಡಿ ಡಯಾಲಿಸಿಸ್ ಯಂತ್ರದ ಜಾಗ ನಿರ್ಧರಿಸಲಿ.

ಇನ್ನು ಬೆಲೆ. ಟೆಂಡರಿನಲ್ಲಿ ಕಾಣುವುದು ಯಂತ್ರದ ಬೆಲೆ, ಬೊಕ್ಕಸ ಬರಿದು ಮಾಡುವುದು ಅದರ ರೀಏಜೆಂಟ್. ಲೆಕ್ಕಕ್ಕೆಂದು 6 ಲಕ್ಷದ ಒಂದು ರಕ್ತಪರೀಕ್ಷೆಯ ಅನಲೈಸರ್ ಹಿಡಿಯೋಣ. ಬೇರೆ ಕಂಪನಿಯ ರೀಏಜೆಂಟ್ ಒಪ್ಪದ ಮಾದರಿ, ಟೆಸ್ಟಿಗೆ 60 ರೂಪಾಯಿ, ದಿನಕ್ಕೆ 40 ಟೆಸ್ಟ್, ವರ್ಷಕ್ಕೆ 300 ದಿನ. ವರ್ಷಕ್ಕೆ 7.20 ಲಕ್ಷ ಆಯಿತು. ಏಳು ವರ್ಷಕ್ಕೆ 50.40 ಲಕ್ಷ. ವಾರಂಟಿ ಮುಗಿದ ಮೇಲಿನ ನಿರ್ವಹಣಾ ಒಪ್ಪಂದ ಇದರಲ್ಲಿ ಸೇರಿಲ್ಲ. ದಾನವಾಗಿ ಬಂದ ಯಂತ್ರಕ್ಕೂ ಇದೇ ಲೆಕ್ಕ, ಉಚಿತವೆಂದು ಕಣ್ಣು ಮುಚ್ಚಿ ಇಳಿಸಿಕೊಳ್ಳಬಾರದು.

ಮಲೆನಾಡಿನ ಹವೆಯೂ ವೆಚ್ಚವೇ. ಕೋವಿಡ್ ಕಾಲದಲ್ಲಿ ಬಂದ ಪಿಎಸ್‌ಎ ಆಕ್ಸಿಜನ್ ಘಟಕಗಳಲ್ಲಿ ಜಿಯೋಲೈಟ್ ಹರಳುಗಳು ಗಾಳಿಯ ನೈಟ್ರೋಜನ್ ಹಿಡಿದಿಟ್ಟುಕೊಂಡು ಸುಮಾರು ಶೇ 93ರ ಆಕ್ಸಿಜನ್ ಕೊಡುತ್ತವೆ. ಈ ಹರಳಿಗೆ ತೇವವೇ ಶತ್ರು. ಮಳೆಗಾಲದಲ್ಲಿ ಏರ್ ಡ್ರೈಯರ್ ಕೆಟ್ಟರೆ ಅಥವಾ ನೀರು ಹೊರಬಿಡುವ ಡ್ರೈನ್ ವಾಲ್ವ್ ಕಟ್ಟಿಕೊಂಡರೆ ತೇವ ಒಳಹೊಕ್ಕು ಶುದ್ಧತೆ ಇಳಿಯುತ್ತಾ ಹೋಗುತ್ತದೆ, ಕೊನೆಗೆ ಹರಳನ್ನೇ ಬದಲಿಸಬೇಕು. ದಿನಾ ಡ್ರೈನ್ ನೋಡಿ ಮೀಟರಿನ ಅಂಕಿ ಪುಸ್ತಕದಲ್ಲಿ ಬರೆಯುವ ಒಬ್ಬ ಆಪರೇಟರ್ ಇದ್ದರೆ ಇದು ತಪ್ಪುತ್ತದೆ. ಅವರ ಸಂಬಳವನ್ನೂ ಯಂತ್ರದ ಬೆಲೆಯೊಳಗೇ ಸೇರಿಸಬೇಕು.

ಸರಿಯಾದ ಆಯ್ಕೆಗೆ ಮಾದರಿ ದೂರವಿಲ್ಲ. ಹೃದಯಾಘಾತಕ್ಕೆಂದಿರುವ ರಾಜ್ಯದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕಿನ ಇಸಿಜಿ ತಜ್ಞರಿಗೆ ಹೋಗುತ್ತದೆ, ಅವರು ಹೇಳಿದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಅಲ್ಲೇ ಬೀಳುತ್ತದೆ. ಘಟ್ಟದ ರಸ್ತೆಯಲ್ಲಿ ಕಳೆಯುವ ಹೊತ್ತು ಉಳಿಯುತ್ತದೆ.

ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯಡಿ ಖರ್ಚಿಗೆ ತಕ್ಕ ಪ್ರಯೋಜನವಿದೆಯೇ ಎಂದು ಅಳೆಯುವ ಆರೋಗ್ಯ ತಂತ್ರಜ್ಞಾನ ಮೌಲ್ಯಮಾಪನದ ವ್ಯವಸ್ಥೆ 2017ರಿಂದ ಇದೆ. ಜಿಲ್ಲೆಗೆ ಅಷ್ಟು ದೊಡ್ಡದು ಬೇಡ. ಶಾಸಕರ ಅನುದಾನವಿರಲಿ, ಕಂಪನಿಗಳು ಸಮಾಜಸೇವೆಗೆಂದು ಕೊಡುವ ಸಿಎಸ್‌ಆರ್ ಇರಲಿ, ಪ್ರತಿ ಯಂತ್ರದ ಪ್ರಸ್ತಾವದ ಜೊತೆ ಒಂದು ಹಾಳೆ ಇರಲಿ: ಯಾವ ಚಿಕಿತ್ಸೆ ಬದಲಾಗುತ್ತದೆ, ಕಳೆದ ವರ್ಷ ಅಂಥ ರೋಗಿಗಳೆಷ್ಟು, ಏಳು ವರ್ಷದ ಒಟ್ಟು ಖರ್ಚೆಷ್ಟು, ನಡೆಸುವವರು ಯಾರು, ಅವರು ರಜೆ ಹಾಕಿದರೆ ಯಾರು, ಕೆಟ್ಟರೆ ಎಷ್ಟು ಗಂಟೆಯಲ್ಲಿ ರಿಪೇರಿ, ಇದನ್ನು ಕೊಂಡರೆ ಯಾವುದು ಕೈಬಿಟ್ಟುಹೋಗುತ್ತದೆ. ಆ ಹಾಳೆಯನ್ನು ಆರೋಗ್ಯ ರಕ್ಷಾ ಸಮಿತಿಯ ಸಭೆಗೆ ಮೊದಲೇ ಆಸ್ಪತ್ರೆಯ ನೋಟಿಸ್ ಬೋರ್ಡಿಗೆ ಹಾಕಲಿ. ಮೂರು ತಿಂಗಳು ಬಳಕೆಯಾಗದೆ ನಿಂತ ಯಂತ್ರವನ್ನು ಬೇಕಾದ ಪಕ್ಕದ ತಾಲ್ಲೂಕಿಗೆ ಸಾಗಿಸುವ ಅಧಿಕಾರವನ್ನು ಜಿಲ್ಲಾ ಆರೋಗ್ಯಾಧಿಕಾರಿಗೆ ಕೊಡಲಿ.

– ಆಸ್ಪತ್ರೆ ಉಪಕರಣ ಹಾಗೂ ಪ್ರಯೋಗಾಲಯ ಕ್ಷೇತ್ರದ ಕೆಲವರು, ತೀರ್ಥಹಳ್ಳಿ