ರಾಜೀನಾಮೆ ಕೊಡಬ್ಯಾಡ ಅಂದ ಅಕ್ಕನಿಗೆ

ಸೋಮವಾರದಿಂದ ಮತ್ತೆ ಪೂರ್ತಿ ದಿನದ ಕೆಲಸಕ್ಕೆ ಹೋಗುತ್ತಿದ್ದೇನೆ. ಅಪ್ಪ ಕೋಲು ಹಿಡಿದು ಅಂಗಳದ ತನಕ ನಡೆಯುತ್ತಾರೆ, ಊಟ ತಾವೇ ಮಾಡುತ್ತಾರೆ. ಮಾರ್ಚ್‌ನಲ್ಲಿ ಅಪ್ಪ ಐಸಿಯು ಸೇರಿದ್ದು, ಆಮೇಲೆ ಹಾಸಿಗೆ ಹಿಡಿದದ್ದು ನಿಮಗೆಲ್ಲ ಗೊತ್ತೇ ಇದೆ, ಅದನ್ನು ಮತ್ತೆ ಬಿಡಿಸಿ ಬರೆಯುವುದಿಲ್ಲ.

ಇದು ಬೆಳಗಾವಿ ಉದ್ಯಮಬಾಗದ ನಮ್ಮ ಫ್ಯಾಕ್ಟರಿಯ ಅಕೌಂಟ್ಸ್ ಅಕ್ಕನಿಗೆ. ಮಾರ್ಚ್ ಕೊನೆ, ವರ್ಷದ ಲೆಕ್ಕ ಮುಗಿಸಲೇಬೇಕಾದ ರಾತ್ರಿ. ಅವರು ಟಿಳಕವಾಡಿಯ ಮನೆಗೆ ಹೋಗದೆ ಸೀದಾ ಆಸ್ಪತ್ರೆಗೆ ಬಂದರು, ಐಸಿಯು ಹೊರಗಿನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ನನ್ನ ಪಾಲಿನ ಎಂಟ್ರಿಗಳನ್ನೂ ತಾವೇ ಹೊಡೆದರು. ನಡುರಾತ್ರಿ ಡಾಕ್ಟರ್ ಕರೆದಾಗ ನನಗೆ ಎದ್ದು ನಿಲ್ಲೋಕೆ ಆಗಲಿಲ್ಲ. ಒಳಗೆ ಹೋಗಿ ಎಲ್ಲ ಕೇಳಿಕೊಂಡು ಬಂದವರು ಅಕ್ಕ. ಅವರು ಇರದಿದ್ದರೆ... ಇಲ್ಲ, ಅದನ್ನು ಬರೆಯೋಕೆ ಈಗಲೂ ಆಗುತ್ತಿಲ್ಲ.

ಬೆಳಗಿನ ಜಾವ, ಕೆಲಸ ಬಿಡ್ತೀನಿ ಅಕ್ಕಾ ಅಂದೆ. "ರಾಜೀನಾಮೆ ಕೊಡಬ್ಯಾಡ. ರಜಾ ಕೇಳು. ಸಾಹೇಬ್ರು ಕೊಡೂದಿಲ್ಲ ಅಂದ ಮ್ಯಾಲ ನೋಡೂಣು" ಅಂದರು. ಕೆಲಸಕ್ಕೆ ಸೇರಿ ನನಗಿನ್ನೂ 5 ವರ್ಷ ತುಂಬಿರಲಿಲ್ಲ. ಅಷ್ಟು ನಿರಂತರ ಸೇವೆ ಆಗದೆ ಬಿಟ್ಟರೆ ಗ್ರ್ಯಾಚುಯಿಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು, ಸಿಗುವುದಿಲ್ಲ, ಮಂಜೂರಾದ ರಜೆಯಲ್ಲಿದ್ದರೆ ಸೇವೆ ಮುರಿಯುವುದಿಲ್ಲ ಅಂತ ಬಿಡಿಸಿ ಹೇಳಿದರು. ಮಕ್ಕಳು ಸಣ್ಣವರಿದ್ದಾಗ ಅಕ್ಕ ಕೆಲಸ ಬಿಟ್ಟವರು. ಆಗ ಹೆರಿಗೆ ರಜೆ ಇದ್ದಿದ್ದೇ 12 ವಾರ. ಮರಳಿ ಬಂದಾಗ ತಾವೇ ಕೆಲಸ ಕಲಿಸಿದ್ದ ಹುಡುಗರ ಕೈಕೆಳಗೆ ಸೇರಬೇಕಾಯಿತು.

2017ರಲ್ಲಿ ಹೆರಿಗೆ ರಜೆ 26 ವಾರ ಆಯಿತು, ಒಳ್ಳೆಯದೇ. ಆದರೆ ಅಪ್ಪ ಹಾಸಿಗೆ ಹಿಡಿದರೆ ನಮ್ಮಂಥ ಖಾಸಗಿ ಕೆಲಸದವರಿಗೆ ಅಂಥ ರಜೆ ಕಾಯ್ದೆಯಲ್ಲಿ ಇಲ್ಲ. ಕೂಸಿಗೆ ಬೇಕಾದಷ್ಟೇ ಆರೈಕೆ ವಯಸ್ಸಾದವರಿಗೂ ಬೇಕು, ಅಲ್ವಾ? ನನ್ನ ತಮ್ಮನಿಗೂ ಆ ರಜೆ ಸಿಗಬೇಕಿತ್ತು.

ನಮ್ಮ ಮ್ಯಾನೇಜರ್ ಸಾಹೇಬರು ಮೊದಲು ಸಂಬಳವಿಲ್ಲದ ರಜೆ ಕೊಟ್ಟರು, ಆಮೇಲೆ ಅರ್ಧ ದಿನ, ಅರ್ಧ ಸಂಬಳ. ರಜೆಗಿಂತ ಆ ಅರ್ಧ ದಿನವೇ ನನಗೆ ಜಾಸ್ತಿ ಆಸರೆ ಆಯಿತು. ಮಧ್ಯಾಹ್ನ ಅಪ್ಪನಿಗೆ ವ್ಯಾಯಾಮ ಮಾಡಿಸಲು ಮನೆಗೆ ಬರುತ್ತಿದ್ದೆ, ಕೆಲಸವೂ ಕೈತಪ್ಪಲಿಲ್ಲ. ತಮ್ಮ, ಬುತ್ತಿ ಕಳಿಸಿದ ಓಣಿಯ ಕಾಕು, ರಕ್ತ ಕೊಟ್ಟ ಶಾಪ್ ಫ್ಲೋರ್ ಹುಡುಗರು, ನಿಮಗೆಲ್ಲ ಕೈಮುಗಿಯುತ್ತೇನೆ.

ಅಕ್ಕಾ, ಮುಂದಿನ ತಿಂಗಳು ನಿಮ್ಮ ಅತ್ತೆಯವರ ಆಪರೇಷನ್ ಇದೆ. ರಜೆ ಅರ್ಜಿ ನಾಳೆಯೇ ಕೊಡಿ. ನಿಮ್ಮ ಎಂಟ್ರಿಗಳೆಲ್ಲ ನನಗಿರಲಿ.