ಬಾಗಿದ ಹೊಲಿಗೆಗೆ ಕೈಜೋಡಿಸಿದವರಿಗೆ

ಮೈಸೂರಿನ ಕೌದಿ ಪ್ರದರ್ಶನ ಮುಗಿಯಿತು. ಅಲ್ಲಿ ನಾನು ಹೇಳಿಕೊಡುತ್ತಿದ್ದ ಬಾಗಿದ ಹೊಲಿಗೆಯ ತರಗತಿಗಳೂ ಮುಗಿದವು. ಎಲ್ಲ ಬ್ಯಾಚೂ ತುಂಬಿತ್ತು. ಬಂದವರಲ್ಲಿ ಹೆಚ್ಚಿನವರು ತಾವೇ ಹೊಲಿದ ಒಂದಾದರೂ ಬ್ಲಾಕ್, ಅಂದರೆ ಕೌದಿಗೆ ಜೋಡಿಸುವ ಚೌಕ, ಹಿಡಿದುಕೊಂಡು ಮನೆಗೆ ಹೋದರು. ಇಷ್ಟು ಚೆನ್ನಾಗಿ ಆಗಲು ಕಾರಣರಾದವರಿಗೆ ಅಲ್ಲೇ ಥ್ಯಾಂಕ್ಸ್ ಹೇಳಬೇಕಿತ್ತು. ಕೊನೆಯ ದಿನ ಮೆಷಿನ್ ಸಾಗಿಸುವ ಗಡಿಬಿಡಿಯಲ್ಲಿ ಯಾರೂ ಸಮಾಧಾನವಾಗಿ ಮಾತಿಗೆ ಸಿಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಥ್ಯಾಂಕ್ಸ್ ಶಿವರಾಂಪೇಟೆಯ ಟೈಲರ್ ಅಕ್ಕನಿಗೆ. ಅವರು ಕಲಿಯಲು ಬಂದಿದ್ದರು. ಕಲಿಸಿ ಹೋದರು.

ನಾವು ಹೊಲಿಯುತ್ತಿದ್ದ ಬ್ಲಾಕ್‌ನಲ್ಲಿ ಇರುವುದು ಎರಡೇ ತುಂಡು. ಒಂದು ಕಾಲು ಭಾಗದ ವೃತ್ತ, ಅಂಚು ಉಬ್ಬಿರುತ್ತದೆ. ಇನ್ನೊಂದು ಅದು ಕೂರುವ ಜಾಗ, ಅಂಚು ಒಳಗೆ ಬಾಗಿರುತ್ತದೆ. ಹೊಲಿಯಲು ಒಂದರ ಮೇಲೊಂದು ಇಟ್ಟಾಗ ಎರಡೂ ವಿರುದ್ಧ ದಿಕ್ಕಿಗೆ ತಿರುಗಿಕೊಳ್ಳುತ್ತವೆ. ಇವು ಎಲ್ಲಿ ಸೇರುತ್ತವೆ ಅಂತ ಎಲ್ಲರಿಗೂ ಗಾಬರಿ. ವರ್ಷಗಟ್ಟಲೆ ಕೌದಿ ಹೊಲಿದವರೂ ಇಲ್ಲಿ ಬಂದು ಸೂಜಿ ಕೆಳಗಿಡುತ್ತಾರೆ. ಮೊದಲ ಬ್ಯಾಚಿನಲ್ಲೂ ಹಾಗೇ ಆಯಿತು. ಆಗ ಅಕ್ಕ ಎರಡೂ ತುಂಡು ಎತ್ತಿ ಹಿಡಿದು, "ಮೇಡಂ, ಇದು ಬ್ಲೌಸಿಗೆ ತೋಳು ಕೂರಿಸೋದೇ ಅಲ್ವಾ?" ಅಂದರು.

ಹೌದಲ್ಲ! ತೋಳಿನ ತುದಿ ಉಬ್ಬು, ಕಂಕುಳಿನ ಸುತ್ತು ಒಳಬಾಗು. ಪ್ರಿನ್ಸೆಸ್ ಕಟ್, ಕಟೋರಿ ಬ್ಲೌಸ್ ಹೊಲಿಯುವವರಂತೂ ದಿನಾ ಇದನ್ನೇ ಮಾಡುತ್ತಾರೆ. ಕೋಣೆಯಲ್ಲಿದ್ದ ಅರ್ಧದಷ್ಟು ಹೆಂಗಸರಿಗೆ ಬ್ಲೌಸ್ ಹೊಲಿದು ಗೊತ್ತಿತ್ತು. ಆ ಒಂದು ಮಾತಿಗೆ ಅವರ ಭುಜ ಇಳಿಯಿತು, ಕೈ ಓಡಿತು. ನಂತರದ ಎಲ್ಲ ಬ್ಯಾಚಿಗೂ ನಾನು ಅಲ್ಲಿಂದಲೇ ಶುರು ಮಾಡಿದೆ. ಅಕ್ಕ, ಇನ್ನು ಮುಂದೆ ಎಲ್ಲಿ ಕಲಿಸಿದರೂ ಹಾಗೇ ಶುರು ಮಾಡುತ್ತೇನೆ, ನಿಮ್ಮನ್ನು ನೆನೆದು.

ಅವರು ಕಟ್ ಹಾಕುವುದನ್ನು ತೋರಿಸಿದ ರೀತಿಯೂ ನನಗೆ ತುಂಬ ಇಷ್ಟವಾಯಿತು. ಹೊಲಿಗೆಯ ಗೆರೆ ಎರಡೂ ತುಂಡಿನಲ್ಲಿ ಒಂದೇ ಉದ್ದ. ಆದರೆ ಗೆರೆಯಾಚೆ ಕಾಲಿಂಚು ಬಟ್ಟೆ ಬಿಟ್ಟು ಕತ್ತರಿಸಿದಾಗ ಉಬ್ಬಿದ ತುಂಡಿನ ಅಂಚು ಗೆರೆಗಿಂತ ಉದ್ದವಾಗುತ್ತದೆ, ಒಳಬಾಗಿದ ತುಂಡಿನದು ಗಿಡ್ಡವಾಗುತ್ತದೆ. ಕಾಲು ವೃತ್ತದಲ್ಲಿ ಈ ವ್ಯತ್ಯಾಸ ಹೆಚ್ಚುಕಮ್ಮಿ ಮುಕ್ಕಾಲು ಇಂಚು. ಗಿಡ್ಡ ಅಂಚು ಬಿಚ್ಚಿಕೊಳ್ಳಲಿ ಅಂತಲೇ ಅಲ್ಲಿ ಸಣ್ಣ ಸಣ್ಣ ಕಟ್ ಹಾಕುವುದು. ಅರೆಕಾಲು ಇಂಚು ಸಾಕು, ಜಾಸ್ತಿ ಹೋದರೆ ಹೊಲಿಗೆಗೇ ಕತ್ತರಿ ಬೀಳುತ್ತದೆ. ಅಕ್ಕ ಕತ್ತರಿಯ ತುದಿ ಮಾತ್ರ ಬಳಸಿ, ನೋಡದೆಯೇ, ಅಷ್ಟಕ್ಕೇ ನಿಲ್ಲಿಸುತ್ತಿದ್ದರು. ಪಕ್ಕದವರ ಕೈ ಹಿಡಿದು ಅದನ್ನೇ ಮಾಡಿಸಿದರು.

ಎರಡನೆಯವರು ಮಂಡ್ಯದಿಂದ ಬಂದ ಅಮ್ಮ ಮತ್ತು ಮಗಳು. ಎರಡೂ ತುಂಡನ್ನು ಅರ್ಧಕ್ಕೆ ಮಡಚಿ ನಡು ಗುರುತು ಮಾಡಿ, ಮೊದಲು ನಡುವಿಗೆ ಗುಂಡುಪಿನ್ನು, ಆಮೇಲೆ ಎರಡು ತುದಿಗೆ, ಕೊನೆಗೆ ಇವುಗಳ ನಡುವೆ ಉಳಿದ ಜಾಗಕ್ಕೆ ಹಾಕಬೇಕು. ಬಾಗಿನ ನಡುಭಾಗ ಬಟ್ಟೆಯ ಕ್ರಾಸ್‌ಗೆ, ಅಂದರೆ ನೇಯ್ಗೆಯ ಎಳೆಗೆ ಓರೆಯಾಗಿ ಬರುತ್ತದೆ, ಎಳೆದರೆ ಹಿಗ್ಗಿಬಿಡುತ್ತದೆ. ಮಗಳಿಗೆ ಈ ತಾಳ್ಮೆ ಬರುವವರೆಗೂ ಆ ಅಮ್ಮ ಒಂದು ಬಿರುಸು ಮಾತಾಡಲಿಲ್ಲ. ನೋಡುತ್ತಾ ನನಗೇ ಕಲಿಸುವ ಹದ ಸಿಕ್ಕಿತು.

ಈ ಬ್ಲಾಕಿನ ಹಳೆಯ ಕಥೆಯೊಂದಿದೆ. ಬ್ಲಾಕ್‌ಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಜೋಡಿಸಿದರೆ ಅಂಕುಡೊಂಕು ದಾರಿ ಮೂಡುತ್ತದೆ. ಅದಕ್ಕೆ ಅಮೆರಿಕದಲ್ಲಿ ಕುಡುಕನ ದಾರಿ ಎಂದೇ ಹೆಸರು. 19ನೇ ಶತಮಾನದ ಕೊನೆಯ ಹೊತ್ತಿಗೆ ಕುಡಿತದ ವಿರುದ್ಧ ಹೋರಾಡುತ್ತಿದ್ದ ಅಲ್ಲಿನ ಹೆಂಗಸರು ಇದನ್ನು ನೀಲಿ ಬಿಳಿ ಬಟ್ಟೆಯಲ್ಲಿ ಹೊಲಿಯುತ್ತಿದ್ದರು ಅನ್ನುತ್ತಾರೆ. ಇದನ್ನು ಹೇಳಿದಾಗ ಆ ಅಮ್ಮ, ತಮ್ಮೂರಿನ ಹೆಂಗಸರು ಸಾರಾಯಿ ಅಂಗಡಿ ಮುಂದೆ ಕೂತಿದ್ದನ್ನು ನೆನೆದರು. ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿದ್ದು 2007ರಲ್ಲಿ. ಅವರು ನೀಲಿ ಬಿಳಿಯನ್ನೇ ಆರಿಸಿಕೊಂಡರು. ಆ ಮಾತು ತರಗತಿಗೆ ತಂದಿದ್ದಕ್ಕೆ ನಿಮಗೆ ನನ್ನ ನಮಸ್ಕಾರ ಅಮ್ಮ.

ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಮೋಟಾರ್ ಮೆಷಿನ್‌ಗಳೆಲ್ಲ ನಿಂತವು. ಸಂತೇಪೇಟೆಯ ಹಿರಿಯ ಟೈಲರ್ ಒಬ್ಬರು ಕೇಳದೆಯೇ ತುಳಿಯುವ ಮೆಷಿನ್‌ಗಳನ್ನು ಗೂಡ್ಸ್ ಆಟೋದಲ್ಲಿ ಕಳಿಸಿದರು. ಬಾಡಿಗೆ ಅಂದರೆ ಬೇಡವೇ ಬೇಡ ಅಂದರು. ತುಳಿಯುವ ಮೆಷಿನ್‌ನಲ್ಲಿ ಒಂದೊಂದೇ ಹೊಲಿಗೆ ಹಾಕಿ ನಿಲ್ಲಬಹುದು, ಬಾಗಿನಲ್ಲಿ ಬಟ್ಟೆ ತಿರುಗಿಸಲು ಅದೇ ಹಿತ. ಕರೆಂಟ್ ಬಂದ ಮೇಲೂ ಹೊಸಬರು ಅದರ ಮುಂದಿನಿಂದ ಏಳಲಿಲ್ಲ. ಸಾರ್, ನಿಮ್ಮ ಋಣ ದೊಡ್ಡದು.

ತುಂಡುಗಳನ್ನು ಕತ್ತರಿಸಲು ಬಟ್ಟೆಯ ಮೇಲೆ ಇಡುವ ಅಚ್ಚುಗಳ ಕೆಳಗೆ ಉಪ್ಪುಕಾಗದ ಅಂಟಿಸಿದರೆ ಬಟ್ಟೆ ಜಾರುವುದಿಲ್ಲ ಅಂತ ಹೇಳಿ, ಅಷ್ಟನ್ನೂ ಕೂತು ಅಂಟಿಸಿಕೊಟ್ಟ ಬಡಗಿ ಅಣ್ಣನಿಗೂ, ಕಾರಿಡಾರಿನಲ್ಲಿ ಮೊಮ್ಮಗುವನ್ನು ಆಡಿಸುತ್ತಾ ಸೊಸೆಯನ್ನು ಒಳಗೆ ಕಳಿಸಿದ ಅತ್ತೆಯವರಿಗೂ ಥ್ಯಾಂಕ್ಸ್. ಅತ್ತೆಯರು ಹೀಗೆ ಹೊರಗೆ ಕೂತರೆ ಎಷ್ಟು ಹೆಂಗಸರು ಏನೇನು ಕಲಿಯಬಹುದು!

ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರ ಕೌದಿಗಳನ್ನು ಜೋಪಾನವಾಗಿ ತಂದು ನೇತುಹಾಕಿದವರನ್ನು ಮರೆಯಲಾರೆ. ಅಂಚಿನಿಂದ ಶುರುವಾಗಿ ಸುತ್ತಿಕೊಂಡು ನಡುವಿಗೆ ಬರುವ ಆ ಕೈಹೊಲಿಗೆ, ಮೂಲೆಗಳಲ್ಲಿ ಮಡಚಿ ಕೂರಿಸಿದ ಬಟ್ಟೆಯ ಹೂವು. ಬಿಡುವಿನಲ್ಲಿ ನನ್ನ ತರಗತಿಯವರೆಲ್ಲ ಅದರ ಮುಂದೆಯೇ ನಿಂತಿರುತ್ತಿದ್ದರು. ಅಳತೆಪಟ್ಟಿ ಹಿಡಿಯದೆ ಕಣ್ಣಳತೆಯಲ್ಲಿ ಹೊಲಿದ ಕೆಲಸಕ್ಕೆ ಎಂಥ ಜೀವ ಇರುತ್ತದೆ ಅಂತ ಅವರಿಗೆ ನಾನು ಬಾಯಲ್ಲಿ ಹೇಳಬೇಕಾಗಲಿಲ್ಲ.

ಬ್ಲಾಕ್ ಅರ್ಧಕ್ಕೆ ನಿಂತವರು ಯೋಚನೆ ಮಾಡಬೇಡಿ. ಸರಸ್ವತಿಪುರಂನ ನಮ್ಮ ಮನೆಗೆ ಭಾನುವಾರ ಬೆಳಿಗ್ಗೆ ಬನ್ನಿ. ಮೆಷಿನ್ ಇದೆ, ಇಸ್ತ್ರಿ ಇದೆ. ಬಾಗಿದ ಹೊಲಿಗೆಯ ಮೇಲೆ ಇಸ್ತ್ರಿ ಎಳೆಯದೆ, ಇಟ್ಟು ಎತ್ತುವುದನ್ನು ಇನ್ನೊಮ್ಮೆ ನಿಧಾನವಾಗಿ ತೋರಿಸುತ್ತೇನೆ. ಶಿವರಾಂಪೇಟೆಯ ಅಕ್ಕನೂ ಬರುತ್ತೇನೆ ಅಂದಿದ್ದಾರೆ.